ಕಂತಿನ ಬೆಲೆಯೂ ಸಾಲದ ಬಡ್ಡಿಯೂ

‘ರೊಕ್ಕ ಎಣಿಸಿದರೆ ಹತ್ತು ಸಾವಿರ, ಕಂತಿನಲ್ಲಾದರೆ ಹನ್ನೆರಡು’ ಎಂದು ಅಂಗಡಿಯವರು ಹೇಳುವ ಮಾತು ನಮಗೆಲ್ಲರಿಗೂ ಪರಿಚಿತವಾದುದು. ಹೊಲಿಗೆಯಂತ್ರವಾಗಲಿ, ರೇಡಿಯೊ ಆಗಲಿ, ಈಚೆಗೆ ಮೊಬೈಲ್ ಫೋನಾಗಲಿ, ಮಧ್ಯಮ ವರ್ಗದ ಮನೆಗೆ ಬಂದುದು ಬಹುಪಾಲು ಕಂತಿನ ದಾರಿಯಿಂದಲೇ. ಹೆಚ್ಚಾಗಿ ಕೊಟ್ಟ ಆ ಎರಡು ಸಾವಿರಕ್ಕೆ ಹೆಸರೇನು? ಅದು ಬೆಲೆಯೋ, ಬಡ್ಡಿಯೋ? ಕೊಳ್ಳುವ ನಮಗೆ ಎರಡೂ ಒಂದೇ ಎಂದು ತೋರಬಹುದು. ಆದರೆ ಬಡ್ಡಿಯನ್ನು ಧರ್ಮವೇ ನಿಷೇಧಿಸಿರುವ ಮುಸಲ್ಮಾನ ಗೃಹಸ್ಥನಿಗೆ ಇದು ಬರಿಯ ಮಾತಿನ ಪ್ರಶ್ನೆಯಲ್ಲ. ಆ ಯಂತ್ರವನ್ನು ಮನೆಗೆ ತರಬಹುದೇ ಕೂಡದೇ ಎಂಬುದು ಇದರ ಮೇಲೆ ನಿಂತಿದೆ. ಸಾವಿರದ ಮುನ್ನೂರಕ್ಕೂ ಹೆಚ್ಚು ವರ್ಷಗಳಿಂದ ಪಂಡಿತರು ಈ ಪ್ರಶ್ನೆಯನ್ನು ಚರ್ಚಿಸಿದ್ದಾರೆ. ಅವರು ಕಂಡ ಉತ್ತರದಲ್ಲಿ ಯಾವ ಮತದವನಿಗಾದರೂ ಉಪಯೋಗವಾಗುವ ವಿವೇಕವುಂಟು.

ಮೊದಲು ಮೂಲಕ್ಕೆ ಹೋಗೋಣ. ಅರಬ್ಬಿಯಲ್ಲಿ ‘ರಿಬಾ’ ಎಂದರೆ ಹೆಚ್ಚಳ, ಬೆಳೆತ. ಇಸ್ಲಾಮಿಗೆ ಮುಂಚಿನ ಅರೇಬಿಯದಲ್ಲಿ ಸಾಲದ ವಾಯಿದೆ ಮುಗಿದ ದಿನ ಸಾಲಿಗನು ಬಾಗಿಲಿಗೆ ಬಂದು, ತೀರಿಸುತ್ತೀಯೋ ಇಲ್ಲವೇ ಮೊತ್ತವನ್ನು ಬೆಳೆಸುತ್ತೀಯೋ ಎಂದು ಕೇಳುವ ರೂಢಿಯಿತ್ತು. ಕೈಯಲ್ಲಿ ಇಲ್ಲದವನು ಬೆಳೆಸಲೇಬೇಕು. ವರ್ಷ ಕಳೆದಂತೆ ಒಂದು ಎರಡಾಗಿ, ಎರಡು ನಾಲ್ಕಾಗಿ, ಕೊನೆಗೆ ಮನುಷ್ಯನೇ ಋಣಕ್ಕೆ ಒತ್ತೆಯಾಗುತ್ತಿದ್ದ. ನಮ್ಮ ಹಳ್ಳಿಗಳಲ್ಲಿ ಚಕ್ರಬಡ್ಡಿ ಎನ್ನುತ್ತೇವಲ್ಲ, ಇದು ಅದರ ಹತ್ತಿರದ ಬಂಧು. ಕುರಾನಿನ ಎರಡನೆಯ ಅಧ್ಯಾಯ ವ್ಯಾಪಾರಕ್ಕೆ ಅನುಮತಿಯಿತ್ತು ರಿಬಾವನ್ನು ನಿಷೇಧಿಸಿತು. ಅದೇ ಅಧ್ಯಾಯ ಇನ್ನೆರಡು ಕಟ್ಟಳೆಗಳನ್ನು ಹಾಕಿತು. ಸಾಲಗಾರನು ಕಷ್ಟದಲ್ಲಿದ್ದರೆ ಅನುಕೂಲವಾಗುವತನಕ ಕಾಯಬೇಕು, ಬಿಟ್ಟುಕೊಟ್ಟರೆ ಇನ್ನೂ ಮೇಲು ಎಂಬುದು ಒಂದು. ವಾಯಿದೆಯ ಸಾಲವನ್ನು ಸಾಕ್ಷಿಗಳ ಮುಂದೆ ಬರೆದಿಡಬೇಕು ಎಂಬುದು ಇನ್ನೊಂದು. ಈ ಬರವಣಿಗೆಯ ಕಟ್ಟಳೆಯಿರುವ ವಾಕ್ಯವೇ ಇಡೀ ಕುರಾನಿನಲ್ಲಿ ಅತ್ಯಂತ ಉದ್ದನೆಯದು. ಪೈಗಂಬರ್ ಮಹಮ್ಮದರು ತಮ್ಮ ಕೊನೆಯ ಹಜ್ ಯಾತ್ರೆಯ ಉಪನ್ಯಾಸದಲ್ಲಿ ಹಳೆಯ ಬಡ್ಡಿಗಳನ್ನೆಲ್ಲ ರದ್ದುಮಾಡಿ, ಮೊಟ್ಟಮೊದಲು ಮನ್ನಾ ಮಾಡಿದುದು ತಮ್ಮ ಸ್ವಂತ ಚಿಕ್ಕಪ್ಪ ಅಬ್ಬಾಸರಿಗೆ ಬರಬೇಕಾಗಿದ್ದ ಬಡ್ಡಿಯನ್ನು.

ಹಾಗೆಂದು ಉದ್ರಿಯನ್ನು ಯಾರೂ ನಿಷೇಧಿಸಲಿಲ್ಲ. ಪೈಗಂಬರರೇ ಮನೆಯ ಖರ್ಚಿಗೆ ಒಬ್ಬ ಯೆಹೂದಿಯಿಂದ ಜವೆಗೋಧಿಯನ್ನು ಉದ್ರಿ ತಂದು, ತಮ್ಮ ಉಕ್ಕಿನ ಕವಚವನ್ನು ಅಡವಿಟ್ಟಿದ್ದರೆಂದು ಹದೀಸಿನ ಸಂಗ್ರಹಗಳು ಹೇಳುತ್ತವೆ. ಕಂತಿಗೂ ಅಲ್ಲಿ ಹಳೆಯ ಉದಾಹರಣೆಯುಂಟು. ಬರೀರಾ ಎಂಬ ದಾಸಿಯೊಬ್ಬಳು ವರ್ಷಕ್ಕೆ ಒಂದು ಊಕಿಯಾ ಬೆಳ್ಳಿಯಂತೆ ಒಂಬತ್ತು ವರ್ಷ ಕೊಟ್ಟು ತನ್ನ ಬಿಡುಗಡೆಯನ್ನು ಕೊಂಡುಕೊಳ್ಳಲು ಒಡೆಯರೊಡನೆ ಒಪ್ಪಂದ ಮಾಡಿಕೊಂಡಿದ್ದಳು. ಆಕೆಯ ನೆರವಿಗೆ ಬಂದವರು ಆಯಿಷಾ. ಮನುಷ್ಯಳೊಬ್ಬಳ ಸ್ವಾತಂತ್ರ್ಯಕ್ಕೇ ಕಂತು ಸಲ್ಲುವುದಾದರೆ ಸರಕಿಗೇಕೆ ಸಲ್ಲಬಾರದು ಎಂದು ಮುಂದಿನ ಪಂಡಿತರು ಇದನ್ನು ಆಧಾರವಾಗಿ ಹಿಡಿದರು.

ಕಠಿನವಾದ ಪ್ರಶ್ನೆ ಇದರಿಂದ ಮುಂದಿನದು. ಉದ್ರಿಗೆ ಬೆಲೆ ಹೆಚ್ಚು ಮಾಡಬಹುದೇ? ಕಾಲಕ್ಕೂ ಒಂದು ಬೆಲೆಯುಂಟೇ? ಇಲ್ಲಿ ಎರಡನೆಯ ಹಿಜರಿ ಶತಮಾನದ ಕೂಫಾ ನಗರವನ್ನು ನೆನೆಯಬೇಕು. ಹನಫೀ ಪಂಥದ ಆಚಾರ್ಯ ಇಮಾಮ್ ಅಬೂ ಹನೀಫಾ ಆ ಊರಿನಲ್ಲಿ ರೇಷ್ಮೆ ಬಟ್ಟೆಯ ವರ್ತಕರಾಗಿದ್ದರು. ಅವರು ತೀರಿಕೊಂಡುದು ಕ್ರಿ.ಶ. 767ರಲ್ಲಿ. ಅಂಗಡಿಯ ವ್ಯವಹಾರವನ್ನು ಅನುಭವದಿಂದ ಬಲ್ಲವರ ಶಾಸ್ತ್ರವಾದುದರಿಂದ ಹನಫೀ ಗ್ರಂಥಗಳಲ್ಲಿ ಮಾರಾಟದ ಅಧ್ಯಾಯ ಬಹಳ ವಿಸ್ತಾರವಾಗಿದೆ. ಹಳೆಯ ಮೈಸೂರಿನ ಮುಸಲ್ಮಾನರಲ್ಲಿ ಹೆಚ್ಚಿನವರು ಈ ಪಂಥದವರು. ಕರಾವಳಿಯ ಬ್ಯಾರಿ, ನವಾಯತ ಜನ ಶಾಫಿಯೀ ಪಂಥದವರು.

ಹನ್ನೆರಡನೆಯ ಶತಮಾನದಲ್ಲಿ ಮರ್ಗೀನಾನಿ ಬರೆದ ‘ಹಿದಾಯ’ ಎಂಬ ಹನಫೀ ಗ್ರಂಥ ನಮ್ಮ ದೇಶದಲ್ಲಿ ಪ್ರಸಿದ್ಧವಾದುದು. ಚಾರ್ಲ್ಸ್ ಹ್ಯಾಮಿಲ್ಟನ್ 1791ರಲ್ಲಿ ಪ್ರಕಟಿಸಿದ ಅದರ ಇಂಗ್ಲಿಷ್ ಅನುವಾದ ಕಂಪನಿಯ ನ್ಯಾಯಾಲಯಗಳ ಮೇಜಿನ ಮೇಲಿತ್ತು. ಅದರಲ್ಲಿ ಒಂದು ಸೂಕ್ಷ್ಮವಾದ ಕಟ್ಟಳೆಯಿದೆ. ವರ್ತಕನು ತಾನು ಕೊಂಡ ಅಸಲನ್ನು ಹೇಳಿ, ಅದರ ಮೇಲೆ ಇಷ್ಟು ಲಾಭ ಎಂದು ಮಾರುವಾಗ, ತಾನು ಉದ್ರಿಯಲ್ಲಿ ಕೊಂಡಿದ್ದರೆ ಅದನ್ನೂ ತಿಳಿಸಬೇಕು. ಏಕೆಂದರೆ ವಾಯಿದೆಯ ಕಾರಣದಿಂದ ಬೆಲೆ ಏರಿರುತ್ತದೆ. ಆ ಏರಿದ ಬೆಲೆಯನ್ನೇ ರೊಕ್ಕದ ಬೆಲೆಯೆಂದು ತೋರಿಸುವುದು ವಂಚನೆ. ಉದ್ರಿಗೆ ಬೆಲೆ ಏರುವುದು ವ್ಯಾಪಾರದ ಸಹಜ ಧರ್ಮವೆಂದು ಶಾಸ್ತ್ರಕಾರರು ಒಪ್ಪಿದ್ದರೆಂಬುದು ಇದರಿಂದ ತಿಳಿಯುತ್ತದೆ. ಸುನ್ನಿಗಳ ನಾಲ್ಕು ಪಂಥಗಳಲ್ಲಿಯೂ ಬಹುಮತ ಇದೇ.

ಆದರೆ ಒಪ್ಪಿಗೆಗೆ ಬೇಲಿಯುಂಟು. ಒಂದು ಕಾಲ್ಪನಿಕ ಉದಾಹರಣೆಯಿಂದ ಇದನ್ನು ನೋಡೋಣ. ಹನೂರು ತಾಲ್ಲೂಕಿನ ಅಜ್ಜೀಪುರದ ಗೃಹಸ್ಥನೊಬ್ಬನು ಹೊಲಿಗೆಯಂತ್ರ ಕೊಳ್ಳಲು ಕೊಳ್ಳೇಗಾಲದ ಪೇಟೆಗೆ ಬಂದನೆನ್ನಿ. ರೊಕ್ಕಕ್ಕೆ ಹತ್ತು ಸಾವಿರ, ತಿಂಗಳಿಗೆ ಸಾವಿರದಂತೆ ಹನ್ನೆರಡು ಕಂತಿಗೆ ಹನ್ನೆರಡು ಸಾವಿರ ಎಂದು ಅಂಗಡಿಯವರು ಹೇಳಿದರು. ಎರಡರಲ್ಲಿ ಒಂದನ್ನು ಅಲ್ಲಿಯೇ ಆರಿಸಿ, ಅದೇ ಬೆಲೆಯೆಂದು ಮಾತು ಮುಗಿಸಿ ಅಂಗಡಿ ಇಳಿದರೆ ವ್ಯಾಪಾರ ಸಿಂಧು. ಯಾವ ಬೆಲೆಯೆಂದು ಗೊತ್ತುಮಾಡದೆ, ‘ನೋಡೋಣ, ಕೊಟ್ಟಾಗ ಲೆಕ್ಕ ಹಾಕೋಣ’ ಎಂದು ಯಂತ್ರವನ್ನು ಹೊತ್ತು ತಂದರೆ ಅದು ಒಂದೇ ಮಾರಾಟದೊಳಗೆ ಎರಡು ಮಾರಾಟ. ಇದನ್ನು ಪೈಗಂಬರರು ನಿಷೇಧಿಸಿದ್ದಾರೆ.

ಎರಡನೆಯ ಬೇಲಿ, ಸರಕು ಮಾರುವವನದೇ ಆಗಿರಬೇಕು. ತನ್ನದಲ್ಲದುದನ್ನು, ಕೈಗೆ ಬಾರದುದನ್ನು ಮಾರಿ ಲಾಭ ತೆಗೆಯುವಂತಿಲ್ಲ. ಮಾರುವ ಮುಂಚೆ ಮಳಿಗೆಗೆ ಬೆಂಕಿ ಬಿದ್ದರೆ, ಯಂತ್ರ ಮುರಿದರೆ, ನಷ್ಟ ವರ್ತಕನದು. ಆ ಜವಾಬ್ದಾರಿಯನ್ನು ಹೊತ್ತುದಕ್ಕೇ ಲಾಭ ಅವನಿಗೆ ಸಲ್ಲುವುದು. ಹತ್ತು ಸಾವಿರ ರೂಪಾಯಿ ಕೊಟ್ಟು ಹನ್ನೆರಡು ಸಾವಿರ ವಸೂಲು ಮಾಡುವವನಿಗೆ ಇಂಥ ಹೊರೆಯೇನೂ ಇಲ್ಲ, ಅವನದು ರಿಬಾ.

ಮೂರನೆಯದೇ ಎಲ್ಲಕ್ಕಿಂತ ಮುಖ್ಯವಾದುದು. ಒಮ್ಮೆ ಗೊತ್ತಾದ ಮೊತ್ತ ಮತ್ತೆ ಬೆಳೆಯಕೂಡದು. ಐದನೆಯ ತಿಂಗಳು ಮಳೆ ಕೈಕೊಟ್ಟು ಕಂತು ತಪ್ಪಿತು. ಆಗ ಅಂಗಡಿಯವನು ಸಾವಿರದ ಮೇಲೆ ನೂರು ಸೇರಿಸಿದನೆಂದರೆ, ಆ ನೂರು ರೂಪಾಯಿ ಅರೇಬಿಯದ ಹಳೆಯ ಸಾಲಿಗನು ಕೇಳುತ್ತಿದ್ದ ಹೆಚ್ಚಳವೇ ಸರಿ. ಹನ್ನೆರಡು ಸಾವಿರವೆಂದರೆ ಕೊನೆಯವರೆಗೂ ಹನ್ನೆರಡು ಸಾವಿರ. ನಿಜವಾಗಿ ಇಲ್ಲದವನಿಗೆ ಕಾಲಾವಕಾಶ ಕೊಡಬೇಕು. ಇದ್ದೂ ಸತಾಯಿಸುವವನ ಮಾತು ಬೇರೆ. ಉಳ್ಳವನ ವಿಳಂಬ ಅನ್ಯಾಯವೆಂದು ಹದೀಸೇ ಹೇಳುತ್ತದೆ. ಅವನನ್ನು ನ್ಯಾಯಾಧಿಪತಿಯ ಮುಂದೆ ನಿಲ್ಲಿಸಬಹುದು. ಅಂಥವನಿಂದ ತಪ್ಪುದಂಡ ತೆಗೆದರೂ ಅದನ್ನು ಧರ್ಮಕಾರ್ಯಕ್ಕೆ ಕೊಡಬೇಕೇ ಹೊರತು ಮಾರಿದವನು ಇಟ್ಟುಕೊಳ್ಳಬಾರದೆಂದು ಈಚಿನ ಕೆಲವು ಪಂಡಿತಮಂಡಳಿಗಳು ತೀರ್ಮಾನಿಸಿವೆ. ಜೆದ್ದಾದ ಅಂತರರಾಷ್ಟ್ರೀಯ ಫಿಕ್ಹ್ ಪರಿಷತ್ತು 1990ರಲ್ಲಿ ಕಂತಿನ ಮಾರಾಟವನ್ನು ವಿಮರ್ಶಿಸಿ, ವಾಯಿದೆಗಾಗಿ ಹೆಚ್ಚಿಸಿದ ಬೆಲೆ ಸಲ್ಲುತ್ತದೆ, ತಡವಾದುದಕ್ಕೆ ಹೆಚ್ಚಳ ಸಲ್ಲದು ಎಂದು ಠರಾವು ಮಾಡಿತು.

ಇನ್ನೊಂದು ಕಟ್ಟಳೆ ಚಿನ್ನ ಬೆಳ್ಳಿಯದು. ಇವು ಹಣದ ಸ್ವರೂಪದವಾದುದರಿಂದ ಕೈಯಿಂದ ಕೈಗೆ ಆಗಬೇಕು, ಉದ್ರಿ ಕೂಡದು ಎಂಬುದು ಹದೀಸು. ಹೀಗಾಗಿ ಯಂತ್ರವನ್ನು ಕಂತಿನಲ್ಲಿ ಕೊಳ್ಳಬಹುದೆನ್ನುವ ಪಂಡಿತರಲ್ಲಿಯೇ ಬಹುಮಂದಿ ಒಡವೆಯನ್ನು ಕಂತಿನಲ್ಲಿ ಕೊಳ್ಳಬೇಡಿರೆನ್ನುತ್ತಾರೆ.

ಚತುರ ಮನುಷ್ಯ ಬೇಲಿ ಕಂಡಲ್ಲಿ ಕಂಡಿಯನ್ನೂ ಹುಡುಕುತ್ತಾನೆ. ಹಣ ಬೇಕಾದವನು ವರ್ತಕನಿಂದ ಒಂದು ಸರಕನ್ನು ಎಂಟುನೂರಕ್ಕೆ ಉದ್ರಿ ಕೊಂಡು, ಅಲ್ಲಿಯೇ ಆರುನೂರು ರೊಕ್ಕಕ್ಕೆ ಅವನಿಗೇ ಮಾರುವುದು ಅಂಥ ಒಂದು ಕಂಡಿ. ಸರಕು ಅಂಗಡಿ ಬಿಟ್ಟು ಕದಲಲಿಲ್ಲ. ಆರುನೂರು ಕೊಟ್ಟು ಎಂಟುನೂರು ಬರೆಸಿಕೊಂಡಂತೆಯೇ ಆಯಿತು. ‘ಈನಾ’ ಎಂದು ಹೆಸರಾದ ಇಂಥ ವ್ಯವಹಾರವೊಂದನ್ನು, ಎಂಟುನೂರು ಆರುನೂರು ದಿರ್ಹಮುಗಳ ಇದೇ ಲೆಕ್ಕದಲ್ಲಿ, ಆಯಿಷಾ ಕಟುವಾಗಿ ಖಂಡಿಸಿದರೆಂಬ ವರದಿಯುಂಟು. ಬಹುಮಂದಿ ಪಂಡಿತರು ಇದನ್ನು ತಳ್ಳಿಹಾಕಿದರು. ಇಮಾಮ್ ಶಾಫಿಯೀ ಮಾತ್ರ ಆ ವರದಿಯನ್ನೇ ಪ್ರಶ್ನಿಸಿ, ಹೊರಗೆ ಕಾಣುವ ಒಪ್ಪಂದ ಸರಿಯಿದ್ದರೆ ಒಳಗಿನ ಉದ್ದೇಶವನ್ನು ನ್ಯಾಯಾಲಯ ಅಳೆಯಲಾರದೆಂದು ವಾದಿಸಿದರು. ಈ ವಾದ ಇಂದಿಗೂ ಮುಗಿದಿಲ್ಲ.

ಇಷ್ಟೆಲ್ಲ ಕೇಳಿದ ಮೇಲೆ ನೀವು ಒಂದು ಆಕ್ಷೇಪವನ್ನೆತ್ತಬಹುದು. ಹೇಗೆ ಲೆಕ್ಕ ಹಾಕಿದರೂ ಎರಡು ಸಾವಿರ ಎರಡು ಸಾವಿರವೇ ಅಲ್ಲವೆ? ಹೆಸರು ಬದಲಾದರೆ ಹೊರೆ ತಗ್ಗೀತೇ? ನಿಜ, ಗಣಿತದಲ್ಲಿ ವ್ಯತ್ಯಾಸವಿಲ್ಲ. ಎಲ್ಲ ಕಂತುಗಳೂ ಹೊತ್ತಿಗೆ ಸರಿಯಾಗಿ ಸಂದರೆ ಕೊಂಡವನಿಗೆ ಯಾವ ಭೇದವೂ ಕಾಣದು. ಕಾಯಿಲೆ ಬಂದಾಗ, ಫಸಲು ಹೋದಾಗ, ಕಂತು ತಪ್ಪಿದಾಗ ಭೇದ ತೋರುತ್ತದೆ. ಒಂದರಲ್ಲಿ ಸಾಲ ನಿಂತಲ್ಲಿಯೇ ನಿಲ್ಲುತ್ತದೆ. ಇನ್ನೊಂದರಲ್ಲಿ ನಾವು ನಿದ್ದೆ ಮಾಡುವಾಗಲೂ ಬೆಳೆಯುತ್ತದೆ.

ಬೆಳೆಯುವ ಸಾಲಕ್ಕೆ ಕಡಿವಾಣ ಹಾಕಬೇಕೆಂಬ ಯೋಚನೆ ಒಂದೇ ಮತದ ಸೊತ್ತಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿದ್ದು ‘ಮಿತಾಕ್ಷರ’ವನ್ನು ಬರೆದ ವಿಜ್ಞಾನೇಶ್ವರನು ನಮ್ಮವನೇ. ಅವನು ವ್ಯಾಖ್ಯಾನ ಬರೆದ ಯಾಜ್ಞವಲ್ಕ್ಯ ಸ್ಮೃತಿ ಅಡವಿಟ್ಟ ಸಾಲಕ್ಕೆ ತಿಂಗಳಿಗೆ ಎಂಬತ್ತರಲ್ಲೊಂದು ಭಾಗ, ಎಂದರೆ ವರ್ಷಕ್ಕೆ ನೂರಕ್ಕೆ ಹದಿನೈದು ಬಡ್ಡಿಯನ್ನು ಹೇಳುತ್ತದೆ. ಬಡ್ಡಿ ಅಸಲನ್ನು ಮೀರಕೂಡದು, ಎಂದರೆ ಚಿನ್ನದ ಸಾಲ ಎರಡರಷ್ಟಾದಲ್ಲಿಗೆ ನಿಲ್ಲಬೇಕು ಎಂಬ ‘ದಾಮದುಪ್ಪಟ್ಟು’ ನಿಯಮವೂ ಧರ್ಮಶಾಸ್ತ್ರದ್ದೇ. ಒಂದು ಶಾಸ್ತ್ರ ಬಡ್ಡಿಯನ್ನು ಬಾಗಿಲಲ್ಲೇ ತಡೆಯಿತು, ಇನ್ನೊಂದು ಒಳಗೆ ಬಿಟ್ಟು ಗೆರೆ ಎಳೆಯಿತು.

ಇನ್ನು ನಮ್ಮ ಸೀಮೆಯ ಇತಿಹಾಸಕ್ಕೆ ಬರೋಣ. ಕೊಳ್ಳೇಗಾಲದ ನಾಡು 1799ರವರೆಗೆ ಟೀಪೂ ಸುಲ್ತಾನನ ರಾಜ್ಯಕ್ಕೆ ಸೇರಿತ್ತು. 1793–94ರ ಸುಮಾರಿನಲ್ಲಿ ಟೀಪೂ ಹೊರಡಿಸಿದ ವ್ಯಾಪಾರ ನಿಬಂಧನೆಗಳಲ್ಲಿ ಒಂದು ಸ್ವಾರಸ್ಯವಾದ ಯೋಜನೆಯಿದೆ. ಪ್ರಜೆಗಳು ಸರ್ಕಾರದ ವ್ಯಾಪಾರಕೋಠಿಯಲ್ಲಿ ಹಣ ತೊಡಗಿಸಬಹುದು. ಐದುನೂರರವರೆಗೆ ಹಾಕಿದವರಿಗೆ ವರ್ಷಾಂತ್ಯಕ್ಕೆ ನೂರಕ್ಕೆ 50, ಐದು ಸಾವಿರದವರೆಗೆ 25, ಅದಕ್ಕೂ ಮೇಲ್ಪಟ್ಟರೆ 12 ಲಾಭ. ಬಡವನ ಸಣ್ಣ ಗಂಟಿಗೆ ಹೆಚ್ಚು, ಸಾಹುಕಾರನ ದೊಡ್ಡ ಗಂಟಿಗೆ ಕಡಮೆ ಎಂಬ ಕ್ರಮ ಗಮನಾರ್ಹವಾದುದು. ಆದರೆ ಶಾಸ್ತ್ರಜ್ಞನು ಇದನ್ನು ನೋಡಿದರೆ ಹುಬ್ಬು ಗಂಟಿಕ್ಕುವನು. ವ್ಯಾಪಾರದ ಪಾಲುದಾರಿಕೆಯಲ್ಲಿ ಬಂದ ಲಾಭವನ್ನು ಹಂಚಿಕೊಳ್ಳಬಹುದು; ಇಷ್ಟೇ ಬರುತ್ತದೆಂದು ಮೊದಲೇ ಭರವಸೆ ಕೊಟ್ಟರೆ ಅದು ಪಾಲಲ್ಲ, ಬಡ್ಡಿ. ಈ ಮಾತನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಶ್ರೀರಂಗಪಟ್ಟಣ ಬಿದ್ದ ಮೇಲೆ ಕೊಳ್ಳೇಗಾಲ ಕಂಪನಿಯ ವಶವಾಗಿ, ಕೊಯಮತ್ತೂರು ಜಿಲ್ಲೆಗೆ ಸೇರಿ, 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಮರಳುವತನಕ ಮದರಾಸಿನ ಆಡಳಿತದಲ್ಲಿತ್ತು. ಹೀಗಾಗಿ ಕಾವೇರಿಯ ಒಂದು ದಡದಲ್ಲಿ ಮೈಸೂರಿನ ಕಾನೂನು, ಇನ್ನೊಂದು ದಡದಲ್ಲಿ ಮದರಾಸಿನ ಕಾನೂನು. 1855ರಲ್ಲಿ ಬ್ರಿಟಿಷ್ ಸರ್ಕಾರ ಬಡ್ಡಿಯ ಮೇಲಿದ್ದ ಮಿತಿಗಳನ್ನು ತೆಗೆದುಹಾಕುವ ಶಾಸನ ಮಾಡಿತು. ಕಾಗದದಲ್ಲಿ ಎಷ್ಟು ದರ ಬರೆದಿದೆಯೋ ಅಷ್ಟನ್ನು ನ್ಯಾಯಾಲಯ ಕೊಡಿಸುತ್ತಿತ್ತು. ಸಾಲಗಾರ ಮುಸಲ್ಮಾನನಾದರೂ ತನ್ನ ಧರ್ಮದ ನಿಷೇಧವನ್ನು ಮುಂದೊಡ್ಡಿ ಪಾರಾಗುವಂತಿರಲಿಲ್ಲ. ಶಾಸ್ತ್ರ ಮನಸ್ಸಾಕ್ಷಿಯಲ್ಲಿ ಉಳಿಯಿತು, ಕಚೇರಿಯಿಂದ ಹೊರಟುಹೋಯಿತು. ದರ ವಿಪರೀತವಾದರೆ ನ್ಯಾಯಾಧೀಶರು ಕೈಹಾಕಬಹುದೆಂಬ ಕಾನೂನು ಬರಲು 1918ರವರೆಗೆ ಕಾಯಬೇಕಾಯಿತು.

ಕೊಳ್ಳೇಗಾಲದ ರೈತನಿಗೆ ನಿಜವಾದ ಬಿಡುಗಡೆ ಸಿಕ್ಕಿದುದು ರಾಜಾಜಿಯವರ ಮಂತ್ರಿಮಂಡಲ ತಂದ 1938ರ ಮದರಾಸು ಕೃಷಿಕರ ಪರಿಹಾರ ಶಾಸನದಿಂದ. 1932ರ ಅಕ್ಟೋಬರ್‌ಗೆ ಮುಂಚಿನ ಸಾಲಗಳಲ್ಲಿ, 1937ರ ಅಕ್ಟೋಬರ್ 1ಕ್ಕೆ ಬಾಕಿಯಿದ್ದ ಬಡ್ಡಿಯನ್ನೆಲ್ಲ ಅದು ತೊಡೆದುಹಾಕಿತು. ಅಸಲಿನ ಎರಡರಷ್ಟನ್ನು ಈಗಾಗಲೇ ಕೊಟ್ಟಿದ್ದರೆ ಸಾಲ ತೀರಿತೆಂದಿತು. ಹೊಸ ಸಾಲಕ್ಕೆ ನೂರಕ್ಕೆ ಆರೂಕಾಲರ ಸರಳ ಬಡ್ಡಿಯ ಮಿತಿ ಹಾಕಿತು. ಹಳೆಯ ದಾಮದುಪ್ಪಟ್ಟು ನಿಯಮ ಹೊಸ ಶಾಸನದ ವೇಷದಲ್ಲಿ ಹಿಂದಿರುಗಿದಂತಾಯಿತು.

ಆ ವೇಳೆಗೆ ಪೇಟೆಗಳಿಗೆ ಇನ್ನೊಂದು ಬಗೆಯ ಕಂತು ಬಂದಿತ್ತು. ಅಮೆರಿಕದ ಸಿಂಗರ್ ಕಂಪನಿ 1850ರ ದಶಕದಲ್ಲಿ ಹೊಲಿಗೆಯಂತ್ರಗಳನ್ನು ಬಾಡಿಗೆಯ ಹೆಸರಿನಲ್ಲಿ ಕಂತಿಗೆ ಕೊಡತೊಡಗಿ, ಆ ಪದ್ಧತಿಯನ್ನು ಲೋಕದ ತುಂಬ ಹರಡಿತು. ಇದರಲ್ಲಿ ಕೊನೆಯ ಕಂತು ಸಲ್ಲುವವರೆಗೆ ಯಂತ್ರ ಕಂಪನಿಯದೇ. ಹನ್ನೊಂದು ಕಂತು ಕೊಟ್ಟು ಹನ್ನೆರಡನೆಯದು ತಪ್ಪಿದರೆ ಯಂತ್ರವೂ ಹೋಯಿತು, ಕೊಟ್ಟ ಹಣವೂ ಹೋಯಿತು. ಇಸ್ಲಾಮೀ ಶಾಸ್ತ್ರದ ಕಂತಿನಲ್ಲಿ ಹೀಗಿಲ್ಲ. ಮಾತು ಮುಗಿದು ಸರಕು ಕೈಸೇರಿದೊಡನೆ ಅದು ಕೊಂಡವನ ಸೊತ್ತು. ಮಾರಿದವನು ಭದ್ರತೆಗೆ ಅಡವಾಗಿ ಬರೆಸಿಕೊಳ್ಳಬಹುದೇ ಹೊರತು ಒಡೆತನವನ್ನು ಹಿಡಿದಿಟ್ಟುಕೊಳ್ಳುವಂತಿಲ್ಲ. ಇಂಥ ಕೊಳ್ಳುಗರ ರಕ್ಷಣೆಗೆಂದು ನಮ್ಮ ಪಾರ್ಲಿಮೆಂಟು 1972ರಲ್ಲಿ ಒಂದು ಬಾಡಿಗೆ-ಖರೀದಿ ಶಾಸನವನ್ನು ಮಾಡಿತು. ಅದು ಒಂದು ದಿನವೂ ಜಾರಿಗೆ ಬಾರದೆ 2005ರಲ್ಲಿ ರದ್ದಾಯಿತು.

ಈ ಕಾಲದ ಮಾತನ್ನು ನೋಡೋಣ. ‘ಶೂನ್ಯ ಬಡ್ಡಿಯ ಕಂತು’ ಎಂಬ ಜಾಹೀರಾತು ಎಲ್ಲೆಡೆಯೂ ಕಾಣುತ್ತದೆ. ರಿಸರ್ವ್ ಬ್ಯಾಂಕು 2013ರ ಸೆಪ್ಟೆಂಬರಿನಲ್ಲಿ ಬ್ಯಾಂಕುಗಳಿಗೆ ಬರೆದ ಸುತ್ತೋಲೆಯಲ್ಲಿ ಶೂನ್ಯ ಬಡ್ಡಿಯೆಂಬುದೇ ಇಲ್ಲವೆಂದೂ, ಬಡ್ಡಿ ಬೇರೆ ಶುಲ್ಕಗಳ ಮರೆಯಲ್ಲಿ ಅಡಗಿರುತ್ತದೆಂದೂ ಎಚ್ಚರಿಸಿತು. ಕಂತು ತಪ್ಪಿದುದಕ್ಕೆ ಹಾಕುವ ದಂಡವನ್ನು ಬಡ್ಡಿಯ ದರಕ್ಕೆ ಸೇರಿಸಕೂಡದು, ದಂಡದ ಮೇಲೆ ಮತ್ತೆ ಬಡ್ಡಿ ಏರಿಸಕೂಡದು ಎಂದು 2023ರ ಆಗಸ್ಟಿನಲ್ಲಿ ಅದೇ ಬ್ಯಾಂಕು ಆಜ್ಞೆ ಮಾಡಿತು. ಬಡ್ಡಿಯಿಂದಲೇ ನಡೆಯುವ ವ್ಯವಸ್ಥೆಯೂ ತಪ್ಪಿದ ಕಂತು ತಾನೇ ಮರಿಹಾಕಬಾರದೆಂಬ ಮಾತಿಗೆ ಬಂದುದು ಕುತೂಹಲದ ಸಂಗತಿ.

ಧರ್ಮದ ಹೆಸರಿನ ಹಿಂದೆ ಬರುವ ಅಪಾಯವನ್ನೂ ಹೇಳಬೇಕು. ಬೆಂಗಳೂರಿನ ಶಿವಾಜಿನಗರದಲ್ಲಿ ನಡೆಯುತ್ತಿದ್ದ ಐ ಮಾನಿಟರಿ ಅಡ್ವೈಸರಿ ಎಂಬ ಸಂಸ್ಥೆ ಬಡ್ಡಿಯಿಲ್ಲದ ‘ಹಲಾಲ್’ ಹೂಡಿಕೆಯೆಂದು ಸಾರಿ ತಿಂಗಳು ತಿಂಗಳೂ ಲಾಭ ಹಂಚುತ್ತಿದ್ದು, 2019ರ ಜೂನ್‌ನಲ್ಲಿ ಕುಸಿಯಿತು. ಹತ್ತಾರು ಸಾವಿರ ಮಂದಿ ದೂರು ಕೊಟ್ಟರು, ತನಿಖೆ ಸಿ.ಬಿ.ಐ.ಗೆ ಹೋಯಿತು. ಮಗಳ ಮದುವೆಯ ಹಣ, ನಿವೃತ್ತಿಯ ಹಣ, ವಿಧವೆಯರ ಒಡವೆಯ ಹಣ ಇಂಥ ಕಡೆಗಳಲ್ಲಿ ಕರಗುತ್ತದೆ. ಮೇಲೆ ಟೀಪೂವಿನ ಯೋಜನೆಯ ವಿಷಯದಲ್ಲಿ ಹೇಳಿದ ಮಾತು ಇಲ್ಲಿ ಬೇಕಾಯಿತು. ವ್ಯಾಪಾರದಲ್ಲಿ ಲಾಭದ ಜತೆಗೆ ನಷ್ಟವೂ ಉಂಟು. ಯಾವ ವ್ಯಾಪಾರ, ಸರಕು ಎಲ್ಲಿದೆ, ಲೆಕ್ಕ ಯಾರು ನೋಡುತ್ತಾರೆ ಎಂದು ತೋರಿಸದೆ ನಿಯತವಾದ ಲಾಭವನ್ನು ಮಾತ್ರ ತೋರಿಸುವವನು, ಯಾವ ಪವಿತ್ರ ಪದವನ್ನು ಬಳಸಿದರೂ, ಶಾಸ್ತ್ರದ ಹೊರಗೇ ನಿಂತಿರುತ್ತಾನೆ.

ಇತ್ತ 2025ರ ಆರಂಭದಲ್ಲಿ ಸಣ್ಣ ಸಾಲದ ಸಂಸ್ಥೆಗಳ ವಸೂಲಿಯ ಕಿರುಕುಳಕ್ಕೆ ಹೆದರಿ ನಮ್ಮ ಚಾಮರಾಜನಗರ ಜಿಲ್ಲೆಯ ಹಳ್ಳಿಗಳಲ್ಲಿಯೇ ಹಲವು ಕುಟುಂಬಗಳು ಮನೆಗೆ ಬೀಗ ಹಾಕಿ ಊರು ಬಿಟ್ಟವು. ಅವರಲ್ಲಿ ಎಲ್ಲ ಜಾತಿಮತದವರೂ ಇದ್ದಿರಬೇಕು. ಬಾಗಿಲಿಗೆ ಬಂದ ಸಾಲಿಗನು ಮತವನ್ನು ಕೇಳುವುದಿಲ್ಲ. ಆ ವರ್ಷದ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಬಲಾತ್ಕಾರದ ವಸೂಲಿಯನ್ನು ತಡೆಯುವ ಸುಗ್ರೀವಾಜ್ಞೆ ಹೊರಡಿಸಿತು. ತಪ್ಪಿತಸ್ಥರಿಗೆ ಹತ್ತು ವರ್ಷದವರೆಗೆ ಸೆರೆವಾಸವನ್ನು ಅದು ವಿಧಿಸಿತು. ಇಲ್ಲದವನಿಗೆ ಕಾಲಾವಕಾಶ ಕೊಡಬೇಕೆಂಬ ಕಟ್ಟಳೆ ಎಷ್ಟು ಹಳೆಯದೋ ಅಷ್ಟೇ ಇಂದಿನ ಅಗತ್ಯವೂ ಆಗಿದೆ.

ನೀವು ಯಾವ ಮತದವರೇ ಆಗಿರಿ, ಮುಂದಿನ ಸಲ ಕಂತಿನ ಕಾಗದಕ್ಕೆ ಸಹಿ ಹಾಕುವ ಮೊದಲು ಈ ಹಳೆಯ ಪಂಡಿತರ ಪ್ರಶ್ನೆಗಳನ್ನು ಅಂಗಡಿಯವರ ಮುಂದಿಡಿ. ರೊಕ್ಕದ ಬೆಲೆ ಎಷ್ಟು, ಕಂತಿನ ಒಟ್ಟು ಬೆಲೆ ಎಷ್ಟು? ಈ ಮೊತ್ತ ಇಲ್ಲಿಗೇ ನಿಲ್ಲುತ್ತದೆಯೇ? ಒಂದು ತಿಂಗಳು ತಪ್ಪಿದರೆ ಏನಾಗುತ್ತದೆ? ಸರಕು ಇಂದಿನಿಂದ ಯಾರದು? ಮುಂಚೆಯೇ ತೀರಿಸಿದರೆ ಎಷ್ಟು ಬಿಡುತ್ತೀರಿ? ಉತ್ತರಗಳನ್ನು ಬರೆಸಿಕೊಳ್ಳಿ, ಸಾಧ್ಯವಾದರೆ ಇಬ್ಬರು ಸಾಕ್ಷಿಗಳ ಎದುರಿನಲ್ಲಿ. ಬರೆದುಕೊಡಲು ಹಿಂಜರಿಯುವ ಅಂಗಡಿಯಾದರೆ, ಆ ವಸ್ತುವಿಲ್ಲದೆ ಇನ್ನೂ ಕೆಲವು ತಿಂಗಳು ಸಂಸಾರ ನಡೆಸುವುದೇ ಲೇಸು.